ಶುಭ್ರ ಆಕಾಶದ ನಾಲ್ಕು ಪಾಯಿಂಟ್ ಎಂಟು

"ಕಳ್ಳ ಅಂತ ಬೇಕಾದ್ರೆ ಬರ್ಕೊಳ್ಳಿ ಮೇಡಂ. ಸುಳ್ಳುಗಾರ ಅಂತ ಮಾತ್ರ ಬರೀಬೇಡಿ."

ಮೇಷ್ಟ್ರು ಮಳೆಮಾಪಕದ ಮುಂದೆ ಮಂಡಿಯೂರಿ ಕೂತರು. ಕೈಗಡಿಯಾರ ನೋಡಿಕೊಂಡರು. ಎಂಟು ಗಂಟೆ ಇಪ್ಪತ್ತೊಂಬತ್ತು ನಿಮಿಷ. ಇನ್ನೂ ಒಂದು ನಿಮಿಷ ಬಾಕಿ ಇತ್ತು. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಎಂಟೂವರೆಗೆ ಮುಂಚೆ ಅವರು ಒಂದು ದಿನವೂ ಆ ಡಬ್ಬಿಯನ್ನು ಮುಟ್ಟಿದವರಲ್ಲ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರೂ ಅಲ್ಲ. ಮಳೆ ಅಳೆಯುವ ಸರ್ಕಾರಿ ನೌಕರ, ಅಷ್ಟೇ. ಆದರೆ ಕೂದಲೆಳೆಯಷ್ಟು ತಪ್ಪಿದರೂ ಎದುರಿಗಿದ್ದವರ ಕಿವಿ ಹಿಂಡುವ ಸ್ವಭಾವ ನೋಡಿ, ಊರವರೆಲ್ಲ ಸೇರಿ ಮಿಲಿಮೀಟರ್ ಮೇಷ್ಟ್ರು ಎಂದು ನಾಮಕರಣ ಮಾಡಿದ್ದರು.

ಅವರ ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದವಳು ಪರಿಹಾರ ಇಲಾಖೆಯ ತನಿಖಾಧಿಕಾರಿ. ಇಲಾಖೆಯಲ್ಲಿ ಆಕೆಯ ಎದುರಿಗೆ ಮೇಡಂ, ಬೆನ್ನ ಹಿಂದೆ ಸೂಜಿ. ಚುಚ್ಚುತ್ತಾಳೆಂದು ಕೆಲವರು ಹೇಳುತ್ತಿದ್ದರು, ಎಲ್ಲಿ ಬೇಕಾದರೂ ತೂರುತ್ತಾಳೆಂದು ಇನ್ನು ಕೆಲವರು. ಎರಡೂ ನಿಜವೇ.

ಮೂರು ದಿನದಿಂದ ಅವಳ ತಲೆ ತಿನ್ನುತ್ತಿದ್ದ ಪ್ರಶ್ನೆ ಒಂದೇ: ಇಡೀ ರಾಜ್ಯಕ್ಕೆ ಬರ ಬಡಿದಿರುವಾಗ ಈ ಒಂದು ವಲಯದಲ್ಲಿ ಮಾತ್ರ ಮಳೆ ಬಿದ್ದದ್ದು ಹೇಗೆ?

ಸರ್ಕಾರದ ನಿಯಮ ಸರಳ. ಮೂರು ವಾರ ಸತತವಾಗಿ ಮಾಪಕದಲ್ಲಿ ಸೊನ್ನೆ ಬಂದರೆ ಆ ವಲಯ ಬರಪಟ್ಟಿಗೆ ಸೇರುತ್ತದೆ. ಪಟ್ಟಿಗೆ ಸೇರಿದ ಊರಿಗೆ ದಿನಾ ಸರ್ಕಾರಿ ಟ್ಯಾಂಕರ್, ದನಕರುಗಳಿಗೆ ಮೇವಿನ ಶಿಬಿರ. ಖಾಸಗಿಯವರ ಕೊಳವೆಬಾವಿಗಳೂ ಸರ್ಕಾರದ ಸುಪರ್ದಿಗೆ ಬರುತ್ತವೆ. ಸೇರದಿದ್ದರೆ ಏನೂ ಇಲ್ಲ. ಈ ವಲಯದ ನಲವತ್ತೆರಡು ಹಳ್ಳಿ ಸೇರಿರಲಿಲ್ಲ. ಕಾರಣ, ಮೇಷ್ಟ್ರ ಲೆಕ್ಕದ ಪ್ರಕಾರ ಇಲ್ಲಿ ಐದು ವಾರದಿಂದ ವಾರಕ್ಕೆರಡು ಸಲ ತಪ್ಪದೆ ಮಳೆಯಾಗುತ್ತಿತ್ತು!

ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಮಂತ್ರಿಗಳ ಉಪಸಮಿತಿ ಕೊನೆಯ ಪಟ್ಟಿಗೆ ಸಹಿ ಹಾಕಲಿತ್ತು. ಅಷ್ಟರೊಳಗೆ ಸತ್ಯ ಸಿಕ್ಕದಿದ್ದರೆ ನಲವತ್ತೆರಡು ಹಳ್ಳಿಗೂ ಮುಂದಿನ ಮೂರು ತಿಂಗಳು ನೀರಿಲ್ಲ. ಮೇಷ್ಟ್ರಿಗೆ ಕೆಲಸವಿಲ್ಲ, ನಿವೃತ್ತಿಗೆ ನಾಲ್ಕೇ ತಿಂಗಳಿದ್ದರೂ ಪಿಂಚಣಿಯಿಲ್ಲ.

"ಆಯ್ತು. ಎಂಟೂವರೆ," ಎಂದರು ಮೇಷ್ಟ್ರು.

ಮೇಲಿನ ಆಲಿಕೆ ತೆಗೆದಿಟ್ಟರು. ಒಳಗಿನ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಗಾಜಿನ ಅಳತೆಗೊಳವೆಗೆ ಬಗ್ಗಿಸಿದರು.

ನೀರು ಬಂತು.

ಸೂಜಿ ತಲೆಯೆತ್ತಿ ಆಕಾಶ ನೋಡಿದಳು. ಹುಡುಕಿದರೂ ಒಂದು ತುಂಡು ಮೋಡವಿರಲಿಲ್ಲ. ಕಾಲಡಿಯ ಮಣ್ಣು ಬಿರಿದಿತ್ತು. ತಂತಿಬೇಲಿಯ ಮೇಲೆ ಬೆರಳಿಟ್ಟರೆ ಬೆರಳಿಗೆ ಧೂಳು ಮೆತ್ತುತ್ತಿತ್ತು.

"ನಾಲ್ಕು ಪಾಯಿಂಟ್ ಎಂಟು ಮಿಲಿಮೀಟರ್," ಎಂದು ಮೇಷ್ಟ್ರು ಓದಿದರು. "ನಿಮ್ಮ ಕಣ್ಣೆದುರಿಗೇ ಅಲ್ವೇ ತಾಯೀ? ನಾನೇನಾದ್ರೂ ಜೇಬಿಂದ ತೆಗೆದು ಹಾಕಿದ್ನೇ?"

ಸೂಜಿ ಗೇಟಿನ ಕಡೆ ನಡೆದಳು. ಅಲ್ಲಿ ಜೀಪಿನೊಳಗೆ ತಲೆಗೆ ಟವೆಲ್ ಸುತ್ತಿಕೊಂಡು ಡ್ರೈವರ್ ಕೂತಿದ್ದ. ಹೇಳಿದ ಕೆಲಸವನ್ನು ಹೇಳಿದಷ್ಟೇ ಮಾಡುವ ಪ್ರಾಣಿ. ದಾರಿಯ ವಿಷಯದಲ್ಲಿ ಮಾತ್ರ ಅವನನ್ನು ಮೀರಿಸುವವರಿಲ್ಲ. ಮೊನ್ನೆ ಇಲ್ಲಿಗೆ ಬರುವಾಗ ಬೋರ್ಡೇ ಇಲ್ಲದ ಕವಲಿನಲ್ಲಿ ಯಾರನ್ನೂ ಕೇಳದೆ ಸರಕ್ಕನೆ ಎಡಕ್ಕೆ ತಿರುಗಿಸಿದ್ದ. ಇವತ್ತು ಬೆಳಗಿನ ಐದರಿಂದ ಅವನನ್ನು ಅವಳೇ ಗೇಟಿಗೆ ಕಾವಲು ಕೂರಿಸಿದ್ದಳು.

"ಯಾರಾದ್ರೂ ಒಳಗೆ ಹೋದ್ರೇನಪ್ಪಾ?"

"ಇಲ್ಲ ಮೇಡಂ."

"ಕಣ್ಣು ಮುಚ್ಚಿದ್ಯಾ?"

"ಒಂದು ರೆಪ್ಪೇನೂ ಮುಚ್ಚಿಲ್ಲ. ಒಂದು ನರಪಿಳ್ಳೆ ಬಂದಿಲ್ಲ."

ಸೂಜಿ ಹಲ್ಲು ಕಚ್ಚಿಕೊಂಡು ಹಿಂತಿರುಗಿದಳು. ಅಲ್ಲಿಗೆ ನೀರು ಸಾಹುಕಾರನ ಮೇಲಿನ ಅನುಮಾನವೂ ನೀರಲ್ಲಿ ಹೋಮ ಮಾಡಿದಂತಾಯಿತು. ಹನ್ನೊಂದು ಕೊಳವೆಬಾವಿ ಇಟ್ಟುಕೊಂಡು ಕೊಡದ ಲೆಕ್ಕದಲ್ಲಿ ನೀರು ಮಾರುವ ಆ ಮನುಷ್ಯನಿಗೆ ಬರ ಘೋಷಣೆಯಾಗದಿರುವುದೇ ಲಾಭ. ಮೇಷ್ಟ್ರಿಗೆ ಲಂಚ ಕೊಟ್ಟು ಸುಳ್ಳು ಬರೆಸಿದ್ದಾನೆ ಎಂದು ಅವಳು ಮೂರು ದಿನ ಅವನ ಹಿಂದೆ ಸುತ್ತಿದ್ದಳು. ಈಗ ನೋಡಿದರೆ ಮೇಷ್ಟ್ರು ಸುಳ್ಳು ಬರೆದಿರಲಿಲ್ಲ. ನೀರು ನಿಜವಾಗಿಯೂ ಇತ್ತು.

ಆಫೀಸು ಅಂದರೆ ಒಂದೇ ಕೋಣೆ. ಒಂದು ಮೇಜು, ಎರಡು ಕುರ್ಚಿ, ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು. ಗೋಡೆಯ ಮೊಳೆಗೆ ಬೇಲಿಯ ಬೀಗದ ಕೀಲಿ ನೇತಾಡುತ್ತಿತ್ತು.

"ನಿಮ್ಮ ರಿಜಿಸ್ಟರ್ ಕೊಡಿ," ಎಂದಳು ಸೂಜಿ.

ಮೇಷ್ಟ್ರು ಆಶ್ಚರ್ಯದಿಂದ ನೋಡಿದರು. "ಕಾಗದದ್ದಾ?"

"ಯಾಕೆ?"

"ಏನಿಲ್ಲ. ಇಷ್ಟು ವರ್ಷದಲ್ಲಿ ಅದನ್ನ ಕೇಳಿದೋರು ನೀವೇ ಮೊದಲನೆಯೋರು. ಎಲ್ಲರೂ ಕಂಪ್ಯೂಟರ್ ಲೆಕ್ಕಾನೇ ನೋಡ್ತಾರೆ."

ಸೂಜಿಗೆ ನಾಚಿಕೆಯಾಯಿತು. ಅವಳೂ ಮೂರು ದಿನದಿಂದ ಕೇಂದ್ರ ಕಚೇರಿಯ ಕಂಪ್ಯೂಟರ್ ಹಾಳೆಗಳನ್ನೇ ಕೈಯಲ್ಲಿ ಹಿಡಿದು ತಿರುಗಿದ್ದಳು.

ದಪ್ಪ ರಟ್ಟಿನ ಪುಸ್ತಕ ಮೇಜಿನ ಮೇಲೆ ಬಂತು. ಮುತ್ತು ಪೋಣಿಸಿದಂಥ ಅಕ್ಷರ. ತಾರೀಖು, ವೇಳೆ, ಅಳತೆ. ಐದು ವಾರದಲ್ಲಿ ಒಂಬತ್ತು ಸಲ ನೀರು: ನಾಲ್ಕು ಪಾಯಿಂಟ್ ಎಂಟು, ನಾಲ್ಕು ಪಾಯಿಂಟ್ ಎಂಟು, ನಾಲ್ಕು ಪಾಯಿಂಟ್ ಒಂಬತ್ತು, ಮತ್ತೆ ನಾಲ್ಕು ಪಾಯಿಂಟ್ ಎಂಟು. ಎಲ್ಲವೂ ಸೋಮವಾರ ಇಲ್ಲವೇ ಗುರುವಾರ. ಇವತ್ತಿನದು ಹತ್ತನೆಯದು, ಇವತ್ತೂ ಗುರುವಾರವೇ.

ಸುಳ್ಳು ಬರೆಯುವವನು ಒಂದು ದಿನ ಎರಡು ಬರೆದು ಇನ್ನೊಂದು ದಿನ ಏಳು ಬರೆಯುತ್ತಾನೆ. ದೇವರು ಸುರಿಸುವ ಮಳೆಗಂತೂ ವಾರದ ಲೆಕ್ಕವೇ ಗೊತ್ತಿಲ್ಲ. ಒಂದೇ ಅಳತೆ ಮತ್ತೆ ಮತ್ತೆ ಬರಬೇಕಾದರೆ ಒಂದೇ ಪಾತ್ರೆಯಿಂದ ಬರಬೇಕು.

ಆಮೇಲೆ ಅವಳ ಕಣ್ಣು ಕೊನೆಯ ಕಾಲಮ್ಮಿನ ಮೇಲೆ ಬಿತ್ತು. ಷರಾ.

ಒಂಬತ್ತೂ ದಿನ ಅಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಒಕ್ಕಣೆ ಇತ್ತು. "ಆಕಾಶ ಶುಭ್ರ. ನೆಲ ಒಣಗಿದೆ. ಬೇಲಿಯ ತಂತಿ ಒಣಗಿದೆ. ಮಾಪಕದಲ್ಲಿ ಮಾತ್ರ ನೀರು. ಈ ಅಳತೆಯನ್ನು ಮಳೆಯೆಂದು ಪರಿಗಣಿಸಬಾರದು."

"ಮೇಷ್ಟ್ರೇ!" ಸೂಜಿ ಕುರ್ಚಿಯಿಂದ ಎದ್ದೇಬಿಟ್ಟಳು. "ಇದನ್ನ ಕೇಂದ್ರ ಕಚೇರಿಗೆ ಕಳಿಸ್ಲಿಲ್ವಾ?"

"ಕಂಪ್ಯೂಟರಲ್ಲಿ ಷರಾ ಬರೆಯೋಕೆ ಜಾಗಾನೇ ಇಲ್ಲ ಮೇಡಂ. ಅಂಕಿ ಹಾಕೋ ಚೌಕ ಒಂದೇ ಇರೋದು. ಎರಡು ಪತ್ರ ಬರೆದೆ. ಉತ್ತರ ಬರಲಿಲ್ಲ."

"ಮಳೆ ಅಲ್ಲ ಅಂತ ಗೊತ್ತಿದ್ಮೇಲೆ ಸೊನ್ನೆ ಹಾಕ್ಬೇಕಿತ್ತು!"

ಮೇಷ್ಟ್ರು ನೆಟ್ಟಗಾದರು. "ಪಾತ್ರೇಲಿ ಇದ್ದದ್ದನ್ನ ಬರೆಯೋದು ನನ್ನ ಕೆಲಸ. ಇವತ್ತು ಇದ್ದದ್ದನ್ನ ಇಲ್ಲ ಅಂತ ಬರೆದ್ರೆ ನಾಳೆ ಇಲ್ಲದ್ದನ್ನ ಇದೆ ಅಂತ ಬರೆಯೋಕೂ ಕೈ ಹೆದರಲ್ಲ." ಮರುಕ್ಷಣ ಅವರ ಹೆಗಲು ಇಳಿಯಿತು. "ನನ್ನ ಹೆಂಡ್ತಿ ನನ್ನ ಜೊತೆ ಮಾತಾಡಿ ಹದಿನೈದು ದಿನ ಆಯ್ತು. ನೀರಿನ ಸಾಲಲ್ಲಿ ಹೆಂಗಸರು ಅವಳನ್ನ ಹಿಂದಕ್ಕೆ ತಳ್ತಾರಂತೆ. 'ನಿಮ್ಮ ಮನೆ ಯಜಮಾನ್ರು ಮಳೆ ತರಿಸ್ತಾರಲ್ಲ, ಎರಡು ಕೊಡ ನಮಗೂ ಕೊಡಮ್ಮಾ' ಅಂತಾರಂತೆ."

ಸೂಜಿ ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡಳು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದವಳು ತಾನೇ. ಮೊಬೈಲ್ ತೆಗೆದು ಷರಾ ಕಾಲಮ್ಮಿನ ಚಿತ್ರಗಳನ್ನು ಒಂದೊಂದಾಗಿ ಹಿಡಿದಳು.

ಅಷ್ಟರಲ್ಲಿ ಹೊರಗೆ ಡಣಡಣ ಸದ್ದಾಯಿತು. ಬಾಗಿಲಲ್ಲಿ ಮೊದಲು ಒಂದು ತಗಡಿನ ಬಕೆಟ್ಟು, ಅದರ ಹಿಂದೆ ಅದನ್ನು ಹಿಡಿದ ಹೆಂಗಸು ಕಾಣಿಸಿಕೊಂಡಳು. ಹನ್ನೊಂದು ವರ್ಷದಿಂದ ಈ ಆಫೀಸಿನ ಕಸ ಗುಡಿಸುವವಳು. ಬರುವ ಮುಂಚೆ ಬಕೆಟ್ಟಿನ ಸದ್ದು ಬರುವುದರಿಂದ ಎಲ್ಲರ ಬಾಯಲ್ಲೂ ಬಕೆಟ್ಟಮ್ಮ.

ಬಕೆಟ್ಟಿನೊಳಗೆ ಒಂದು ಪುಟ್ಟ ಸ್ಟೀಲ್ ಲೋಟ ಉರುಳಾಡುತ್ತಿತ್ತು.

ಸೂಜಿ ಆ ಲೋಟವನ್ನೇ ನೋಡುತ್ತ ನಿಂತಳು. ನಂತರ ಕಿಟಕಿಯಿಂದ ತಲೆ ಹಾಕಿ, "ಏನಪ್ಪಾ, ಈ ಅಮ್ಮ ಬೆಳಿಗ್ಗೆ ಬಂದಿದ್ರಾ?" ಎಂದು ಕೂಗಿದಳು.

"ಓ, ಬಂದಿದ್ರು ಮೇಡಂ! ಏಳೂವರೆಗೆ," ಎಂದ ಡ್ರೈವರ್ ಜೀಪಿನಿಂದಲೇ.

"ಮತ್ತೆ ಯಾರೂ ಬಂದಿಲ್ಲ ಅಂದ್ಯಲ್ಲೋ!"

"ಕಳ್ಳರು ಬಂದ್ರೆ ಹೇಳು ಅಂದ್ರಿ ನೀವು. ಕಸ ಗುಡಿಸೋರು ಕಳ್ಳರಾ ಮೇಡಂ?"

ಸೂಜಿ ಹಣೆ ಚಚ್ಚಿಕೊಂಡಳು. ಮತ್ತೆ ಒಳಗೆ ತಿರುಗಿ, ದನಿ ತಗ್ಗಿಸಿ ಕೇಳಿದಳು, "ಅಮ್ಮಾ, ಆ ಲೋಟ ಏತಕ್ಕೆ?"

ಬಕೆಟ್ಟಮ್ಮನ ಮುಖ ಬಿಳಿಚಿಕೊಂಡಿತು. ಕಣ್ಣು ಓರೆಯಾಗಿ ಮೇಷ್ಟ್ರ ಕಡೆ ಹೋಯಿತು. "ಅವರು ಸ್ವಲ್ಪ ಆಚೆ ಹೋದ್ರೆ ಹೇಳ್ತೀನಿ ಮೇಡಮ್ಮೋರೇ."

"ನಾನ್ಯಾಕೆ ಆಚೆ ಹೋಗ್ಲಿ? ಇದು ನನ್ನ ಆಫೀಸು!"

"ನೋಡಿದ್ರಾ? ಈಗ್ಲೇ ಹೀಗೆ. ಹೇಳಿದ್ರೆ ನನ್ನ ಚರ್ಮ ಸುಲೀತಾರೆ."

"ಅವರು ಏನೂ ಮಾಡಲ್ಲ. ಹೇಳಮ್ಮಾ. ಮಾಪಕಕ್ಕೆ ನೀರು ಹಾಕಿದ್ದು ನೀನೇನಾ?"

"ಹಾಕಿದ್ದಲ್ಲ ಮೇಡಮ್ಮೋರೇ, ತೊಳೆದಿದ್ದು!" ಬಕೆಟ್ಟಮ್ಮನಿಗೆ ಅಳುವೇ ಬಂತು. "ಸರ್ಕಾರದ ಆರ್ಡರ್ ಪ್ರಕಾರಾನೇ ತೊಳೆದಿದ್ದು. ಸೋಮವಾರ, ಗುರುವಾರ. ಒಂದೇ ಲೋಟ. ಅದೂ ನಮ್ಮನೆ ಕುಡಿಯೋ ನೀರಲ್ಲಿ."

"ಯಾವ ಆರ್ಡರ್?" ಎಂದರು ಮೇಷ್ಟ್ರು ಮೆಲ್ಲಗೆ.

ಬಕೆಟ್ಟಮ್ಮ ಬೀರುವಿನ ಹಿಂದೆ ಕೈ ಹಾಕಿ ಪೊರಕೆಗಳ ಸಂದಿಯಿಂದ ಒಂದು ಪ್ಲಾಸ್ಟಿಕ್ ಚೀಲ ಎಳೆದಳು. ಅದರೊಳಗೆ ಇನ್ನೊಂದು ಚೀಲ. ಅದರೊಳಗೆ ಮಡಿಕೆ ಹಾಳಾಗದ ಹಾಗೆ ರಟ್ಟಿಗೆ ಒತ್ತಿ ಇಟ್ಟ ಒಂದು ಹಾಳೆ.

ಸೂಜಿ ಓದಿದಳು. ಪರಿಹಾರ ಇಲಾಖೆಯ ಸುತ್ತೋಲೆ, ಸಂಖ್ಯೆ ನಾನೂರ ಹದಿನೇಳು. ಈ ಕೇಂದ್ರದ ಸ್ವಚ್ಛತಾ ಸಿಬ್ಬಂದಿಗೆ. ಬರದ ಧೂಳಿನಿಂದ ಮಳೆಮಾಪಕದ ಆಲಿಕೆ ಕಟ್ಟಿಕೊಳ್ಳುವ ಸಂಭವವಿರುವುದರಿಂದ ಪ್ರತಿ ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಎಂಟರೊಳಗೆ ಒಂದು ಲೋಟ ನೀರು ಹಾಕಿ ತೊಳೆಯತಕ್ಕದ್ದು. ಹೆಚ್ಚು ನೀರು ಪೋಲು ಮಾಡತಕ್ಕದ್ದಲ್ಲ.

ಒಳಗಿನ ಬಾಟಲಿ ಖಾಲಿ ಮಾಡಬೇಕೆಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

"ನಂಗೆ ಯಾಕೆ ಹೇಳ್ಲಿಲ್ಲ?" ಮೇಷ್ಟ್ರು ಕೂಗಿದರು.

"ನನ್ನ ಮಾಪಕ ಮುಟ್ಟಿದ್ರೆ ಕೈ ಕತ್ತರಿಸ್ತೀನಿ ಅಂದಿರೋರು ಯಾರು? ನೀವೇ! ಮುಟ್ಟಬೇಡ ಅಂತ ನೀವು, ಮುಟ್ಟು ಅಂತ ಸರ್ಕಾರ. ನಾನೇನು ಮಾಡ್ಲಿ? ಅದಕ್ಕೇ ನೀವು ಬರೋದ್ರೊಳಗೆ ಕದ್ದು ತೊಳೆದು ಮುಗಿಸ್ತಿದ್ದೆ. ಆ ಕಾಗದ ಬಂದಾಗ ನೀವು ಹಲ್ಲು ಕೀಳಿಸ್ಕೊಳ್ಳೋಕೆ ರಜಾ ಹಾಕಿದ್ರಿ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹನ್ನೊಂದು ವರ್ಷದಲ್ಲಿ ನಂಗೆ ಅಂತ ಬಂದ ಮೊದಲನೇ ಸರ್ಕಾರಿ ಕಾಗದ. ನನ್ನ ಮಗಳಿಗೆ ಓದಿ ತೋರಿಸ್ದೆ. ನಾನೂ ಬರದ ಕೆಲಸ ಮಾಡ್ತಿದೀನಿ ಅಂದ್ಕೊಂಡಿದ್ದೆ."

ಮೇಷ್ಟ್ರು ಬಯ್ಯಲು ಬಾಯಿ ತೆರೆದರು. ಆಮೇಲೆ, ಆಶ್ಚರ್ಯ ನೋಡಿ, ನಗತೊಡಗಿದರು. ಮೊದಲು ಕೆಮ್ಮಿದ ಹಾಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು.

"ಐದು ವಾರದಿಂದ ನಿದ್ದೆ ಮಾಡಿಲ್ಲ ತಾಯೀ! ದೆವ್ವದ ಕಾಟವೋ, ತಲೆ ಕೆಟ್ಟಿತೋ ಅಂತ! ನಿನ್ನ ಒಂದು ಲೋಟವಾ ಅದು?"

"ನಗ್ತೀರಲ್ಲ, ಬಯ್ಯಲ್ವಾ?" ಎಂದಳು ಬಕೆಟ್ಟಮ್ಮ ಅನುಮಾನದಿಂದ.

"ನಾಳೆ ಬಯ್ತೀನಿ. ಇವತ್ತು ಮೊದಲು ಉಸಿರಾಡ್ತೀನಿ."

ಗಂಟೆ ಒಂಬತ್ತೂಕಾಲು. ಸೂಜಿ ಷರಾ ಕಾಲಮ್ಮಿನ ಒಂಬತ್ತು ಚಿತ್ರಗಳನ್ನು ಉಪಸಮಿತಿಯ ಕಚೇರಿಗೆ ಕಳಿಸಿದಳು. ಫೋನ್ ಮಾಡಿ, ಅಲ್ಲಿನ ಕಾರ್ಯದರ್ಶಿಗೆ ಷರಾವನ್ನು ವಾಕ್ಯ ವಾಕ್ಯವಾಗಿ ಓದಿ ಹೇಳಿದಳು. ಕಾರ್ಯದರ್ಶಿ ಎರಡು ಸಲ "ಹಾಗಂದ್ರೆ?" ಎಂದರು, ಮೂರನೆಯ ಸಲ "ಅಯ್ಯೋ ದೇವರೇ" ಎಂದರು. ಮಂತ್ರಿಗಳ ಮುಂದೆ ಇಡುತ್ತೇನೆ, ಕಾಯಿರಿ ಎಂದು ಫೋನ್ ಇಟ್ಟರು.

ತನ್ನ ಮೇಲಧಿಕಾರಿಗೂ ಫೋನ್ ಮಾಡಿದಳು. ಇಲಾಖೆಯ ದೊಡ್ಡ ಸಾಹೇಬರು, ಇವಳನ್ನು ಈ ತನಿಖೆಗೆ ಕಳಿಸಿದವರು. ಅವರು ಯಾವುದೋ ಮೀಟಿಂಗಿನಲ್ಲಿದ್ದರು. "ಮಳೆ ಅಲ್ಲ ಸಾರ್, ಯಾರೋ ಆಲಿಕೆ ತೊಳೀತಿದ್ರು, ಆ ನೀರು," ಎಂದಷ್ಟೇ ಹೇಳಲಾಯಿತು. ಅವರು "ಹ್ಞೂಂ" ಎಂದು ಕಟ್ ಮಾಡಿದರು.

ಆಮೇಲೆ, ಸುಮ್ಮನೆ ಕೂರಲಾರದೆ, ಇಲಾಖೆಯ ಟಪಾಲು ಗುಮಾಸ್ತೆಗೆ ಫೋನ್ ಹಚ್ಚಿದಳು. "ಈ ವರ್ಷದ ಸುತ್ತೋಲೆ ಎಷ್ಟನೇ ನಂಬರ್‌ಗೆ ಬಂದಿದೆಯಮ್ಮಾ?"

"ಇನ್ನೂರ ಎಂಬತ್ತಾರು ಮೇಡಂ. ಯಾಕೆ?"

"ಸುಮ್ನೆ ಕೇಳ್ದೆ."

ಅಂದರೆ ನಾನೂರ ಹದಿನೇಳು ಎಂಬುದು ಇನ್ನೂ ಹುಟ್ಟೇ ಇರಲಿಲ್ಲ. ಸೂಜಿ ಹಾಳೆಯನ್ನು ಚೀಲಸಮೇತ ತನ್ನ ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು. ಯಾರೋ ಕೂತು ಯೋಚಿಸಿ, ಮೇಷ್ಟ್ರ ಸ್ವಭಾವವನ್ನೂ ಬಕೆಟ್ಟಮ್ಮನ ಭಯವನ್ನೂ ಲೆಕ್ಕ ಹಾಕಿ, ಒಂದು ಲೋಟ ನೀರಿನಲ್ಲಿ ನಲವತ್ತೆರಡು ಹಳ್ಳಿ ಮುಳುಗಿಸಿದ್ದರು. ಅವರನ್ನು ಹುಡುಕಬೇಕು. ಆದರೆ ಅದು ಹನ್ನೆರಡು ಗಂಟೆಯ ನಂತರದ ಕೆಲಸ.

ಕಾಯುವುದು ಬಲು ಕಷ್ಟ. ಮೇಷ್ಟ್ರು ಅಳತೆಗೊಳವೆಯನ್ನು ನಾಲ್ಕು ಸಲ ಒರೆಸಿದರು. ಬಕೆಟ್ಟಮ್ಮ ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಫೋನ್ ಬಡಿದುಕೊಂಡಿತು. ಸೂಜಿ ಸ್ಪೀಕರ್ ಒತ್ತಿದಳು.

"ಸಹಿ ಆಯ್ತು ಮೇಡಂ," ಎಂದರು ಕಾರ್ಯದರ್ಶಿ. "ನಲವತ್ತೆರಡೂ ಹಳ್ಳಿ ಪಟ್ಟಿಗೆ ಸೇರಿವೆ. ಇಪ್ಪತ್ತು ಟ್ಯಾಂಕರ್ ಇವತ್ತೇ ಹೊರಡ್ತವೆ. ನಾಳೆಯಿಂದ ಕೊಳವೆಬಾವಿ ಸುಪರ್ದಿಗೆ. ಇನ್ನೊಂದು ವಿಷಯ, ಆ ಷರಾ ಬರೆದೋರು ಯಾರು ಅಂತ ಮಂತ್ರಿಗಳು ಕೇಳಿದ್ರು. ಕಂಪ್ಯೂಟರಲ್ಲಿ ಷರಾಕ್ಕೆ ಜಾಗ ಮಾಡಿ ಅಂತ ಅಲ್ಲೇ ಆರ್ಡರ್ ಆಯ್ತು."

ಮೇಷ್ಟ್ರು ಕುರ್ಚಿ ಹುಡುಕಿಕೊಂಡು ಕೂತರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡರು. ಸೂಜಿ ಎಷ್ಟೋ ಕೇಸು ಮುಗಿಸಿದ್ದಳು, ಹೀಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗೆ ಎಂದೂ ಅನ್ನಿಸಿರಲಿಲ್ಲ.

"ಮನೆಗೆ ಹೋಗ್ಬನ್ನಿ ಮೇಷ್ಟ್ರೇ," ಎಂದಳು. "ಹೆಂಡ್ತಿಗೆ ಹೇಳಿ ಬನ್ನಿ."

"ನಾನು ಹೇಳಿದ್ರೆ ನಂಬಲ್ಲ. ಟ್ಯಾಂಕರ್ ಬಂದ್ಮೇಲೆ ಅದರ ಹಿಂದೇನೇ ಹೋಗ್ತೀನಿ," ಎಂದರು ಮೇಷ್ಟ್ರು ಮೂಗೊರೆಸಿಕೊಳ್ಳುತ್ತ.

ಕೂಡಲೇ ದೊಡ್ಡ ಸಾಹೇಬರ ಫೋನೂ ಬಂತು. ಸೂಜಿ ಅಂಗಳಕ್ಕೆ ಹೋಗಿ ಮಾತಾಡಿದಳು.

"ಶಾಬ್ಬಾಸ್! ಇಲಾಖೆ ಮಾನ ಉಳಿಸಿದ್ರಿ," ಎಂದರು ಸಾಹೇಬರು. ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು. "ಆ ಕಾಗದದ ಮೂಲಪ್ರತಿ ನಿಮ್ಮ ಹತ್ರಾನೇ ಇರ್ಲಿ. ಯಾರಿಗೂ ತೋರಿಸ್ಬೇಡಿ. ಆಫೀಸಿಗೆ ಬೇಡ, ನೇರ ನಮ್ಮ ಮನೆಗೇ ತಂದ್ಬಿಡಿ."

"ಆಗ್ಲಿ ಸಾರ್," ಎಂದಳು ಸೂಜಿ. ಖುಷಿಯಲ್ಲಿದ್ದಳು, ಆ ಮಾತಿನ ಮೇಲೆ ಗಮನ ನಿಲ್ಲಲಿಲ್ಲ.

ಡ್ರೈವರ್ ಹೇಳದೆಯೇ ಒಂದು ಒಳ್ಳೆಯ ಕೆಲಸ ಮಾಡಿದ್ದ. ರಸ್ತೆಯಾಚೆಯ ಅಂಗಡಿಯಿಂದ ನಾಲ್ಕು ಲೋಟ ಟೀ ಹಿಡಿದುಕೊಂಡು ಒಳಗೆ ಬಂದ. ತಲೆಯ ಟವೆಲ್ ಈಗ ಹೆಗಲ ಮೇಲಿತ್ತು.

ಬಕೆಟ್ಟಮ್ಮ ಲೋಟಕ್ಕೆ ಕೈ ಚಾಚಿದವಳು ಹಾಗೇ ನಿಂತಳು. "ಅಯ್ಯ, ಇವರೇ ಅಲ್ವಾ!"

"ಏನಮ್ಮಾ?" ಎಂದಳು ಸೂಜಿ.

"ಆ ಕಾಗದ ತಂದುಕೊಟ್ಟೋರು, ಇವರೇ ಮೇಡಮ್ಮೋರೇ!"

ಬೋರ್ಡಿಲ್ಲದ ಕವಲು, ಕೇಳದೆ ತಿರುಗಿದ ಜೀಪು, ಎಲ್ಲವೂ ಸೂಜಿಯ ಕಣ್ಣ ಮುಂದೆ ಬಂತು. ಮೂರು ದಿನದಿಂದ ಬಗಲಲ್ಲೇ ಕೂತು ಓಡಾಡಿದವನು! ಟೀ ಲೋಟವನ್ನು ಮೇಜಿನ ಮೇಲಿಟ್ಟಳು.

"ಹೌದೇನೋ?"

"ಹೌದು ಮೇಡಂ," ಎಂದ ಡ್ರೈವರ್, ಯಾವ ಅಳುಕೂ ಇಲ್ಲದೆ. "ಐದು ವಾರ ಆಯ್ತು. ಶುಕ್ರವಾರ."

"ಇಲ್ಲಿಗೆ ಮುಂಚೆ ಬಂದಿದ್ದೆ ಅಂತ ಯಾಕೆ ಬಾಯಿ ಬಿಡ್ಲಿಲ್ಲ?"

"ನೀವು ಕೇಳ್ಲಿಲ್ಲ. ದಿನಕ್ಕೆ ಹತ್ತು ಕವರ್ ಮುಟ್ಟಿಸ್ತೀನಿ ಮೇಡಂ, ಒಳಗೇನಿದೆ ಅಂತ ನಂಗೇನು ಗೊತ್ತು?"

"ಯಾರು ಕೊಟ್ರು ನಿಂಗೆ ಆ ಕವರು?"

ಡ್ರೈವರ್ ಅವಳನ್ನು ವಿಚಿತ್ರವಾಗಿ ನೋಡಿದ. "ನೀವೇ ಮೇಡಂ."

ಮೇಷ್ಟ್ರ ಟೀ ಲೋಟ ಬಾಯಿಯ ಹತ್ತಿರ ನಿಂತಿತು.

"ಜೀಪಿನ ಕಿಟಕಿಯಿಂದ ಕೊಟ್ರಿ. 'ನಾನು ತಂಗಿ ಮನೆಗೆ ಹೋಗ್ತೀನಿ, ಇದನ್ನ ಇವತ್ತೇ ಮುಟ್ಟಿಸ್ಬೇಕಂತೆ, ಹೋಗ್ಬಾ' ಅಂದ್ರಿ. ಮರ್ತ್ರಾ?"

ಮರೆತಿದ್ದಳು. ಈಗ ನೆನಪಾಯಿತು. ಇಲಾಖೆಯ ಮೆಟ್ಟಿಲು, ತಂಗಿಯ ಮನೆಗೆ ಹೋಗುವ ಅವಸರ. ಮೇಲಿನಿಂದ ಇಳಿದು ಬಂದ ದೊಡ್ಡ ಸಾಹೇಬರು ನಗುತ್ತ ಕೊಟ್ಟ ಅಂಟಿಸಿದ ಕವರು. ಅವಳು ಅದರ ಮೇಲಿನ ವಿಳಾಸವನ್ನೂ ನೋಡಿರಲಿಲ್ಲ. ನೀರು ಸಾಹುಕಾರನ ಲಂಚ ಮುಟ್ಟಿದ್ದು ಮೇಷ್ಟ್ರಿಗಲ್ಲ, ಸಾಹೇಬರಿಗೇ ಇರಬೇಕು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಗೇಟು ತೆರೆದುಕೊಟ್ಟವಳು ಇವಳು.

ಇನ್ನೂ ಒಂದು ಮಾತು ಈಗ ತಲೆಗೆ ಹೊಳೆಯಿತು. ಸಾಹೇಬರಿಗೆ ಅವಳು ಯಾರೋ ಆಲಿಕೆ ತೊಳೆದರೆಂದಷ್ಟೇ ಹೇಳಿದ್ದಳು. ಕಾಗದದ ಸುದ್ದಿಯನ್ನು ಅವರ ಮುಂದಾಗಲಿ, ಕಾರ್ಯದರ್ಶಿಯ ಮುಂದಾಗಲಿ ಎತ್ತೇ ಇರಲಿಲ್ಲ.

ಕೈಯಲ್ಲಿದ್ದ ಫೋನ್ ಮತ್ತೆ ಹೊಡೆದುಕೊಂಡಿತು. ದೊಡ್ಡ ಸಾಹೇಬರು.

"ಹೊರಟ್ರಾ?" ಅದೇ ಸಕ್ಕರೆಯ ದನಿ. "ಒಂದು ಮಾತು ಹೇಳೋದು ಮರ್ತೆ. ಆ ಬಕೆಟ್ಟಮ್ಮನನ್ನೂ ಜೀಪಲ್ಲಿ ಕೂರಿಸ್ಕೊಂಡೇ ಬನ್ನಿ. ಪಾಪ, ಬಡವಿ. ನಾನೇ ಮಾತಾಡ್ತೀನಿ."

ಸೂಜಿ ಆ ಹೆಸರನ್ನೂ ಅವರಿಗೆ ಹೇಳಿರಲಿಲ್ಲ. ಎದುರಿಗೆ ಬಕೆಟ್ಟಮ್ಮ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಎಲ್ಲರ ಟೀ ಲೋಟಗಳನ್ನೂ ಒಂದೇ ಲೋಟ ನೀರಿನಲ್ಲಿ ತೊಳೆಯುತ್ತಿದ್ದಳು.